ಕಾಯಿಲ್ ಒಳಗಿನ ಬ್ಯಾಟರಿ

ಪ್ರಶ್ನೆ: ವೈರ್‌ಲೆಸ್ ಮೆಟಲ್ ಡಿಟೆಕ್ಟರ್‌ನ ಕಾಯಿಲ್ ಬೇಗ ಚಾರ್ಜ್ ಕಳೆದುಕೊಳ್ಳುತ್ತಿದೆ. ಬ್ಯಾಟರಿ ಬದಲಿಸಬಹುದೇ?
– ಓದುಗರು, ವಡಗಾವಿ

ಉತ್ತರ: ಬದಲಿಸಬಹುದು, ಆದರೆ ಅವಸರ ಬೇಡ. ವೈರ್ ಇಲ್ಲದ ಕಾಯಿಲ್‌ಗೆ ಸ್ವಂತ ವಿದ್ಯುತ್ ಬೇಕು. ಅದಕ್ಕೇ ಒಳಗೆ ಚಪ್ಪಟೆಯಾದ ಲಿಥಿಯಂ ಸೆಲ್ ಇಟ್ಟು ನೀರು ಹೋಗದಂತೆ ಸೀಲ್ ಮಾಡಿರುತ್ತಾರೆ. ಬಿಚ್ಚುವಾಗ ಸ್ಕ್ರೂಡ್ರೈವರ್ ಮೊನೆ ಸೆಲ್‌ಗೆ ಚುಚ್ಚಿದರೆ ಬೆಂಕಿ ಹತ್ತಬಹುದು. ಹೊಸ ಸೆಲ್ ಅದೇ ವೋಲ್ಟೇಜ್, ಅದೇ ಅಳತೆಯದಿರಲಿ. ಕೆಂಪು, ಕಪ್ಪು ತಂತಿ ಅದಲುಬದಲಾದರೆ ಬೋರ್ಡೇ ಸುಟ್ಟೀತು. ಬೆಸುಗೆ ಗೊತ್ತಿರುವ ಮೊಬೈಲ್ ರಿಪೇರಿಯವರಿಗೆ ಕೊಡುವುದೇ ಮೇಲು. ಮತ್ತೆ ಸೀಲ್ ಮಾಡಿದ ಕಾಯಿಲನ್ನು ನೀರಿಗಿಳಿಸಬೇಡಿ.

ಅಂದಹಾಗೆ, ನಿಮ್ಮ ವಡಗಾವಿ–ಮಾಧವಪುರದ ಉತ್ಖನನದಲ್ಲಿ ಶಾತವಾಹನರ ಕಾಲದ ನೆಲೆಯೇ ಸಿಕ್ಕಿದೆ. ಹಳೆಯ ನಾಣ್ಯವೇನಾದರೂ ಸಿಕ್ಕರೆ ಜೇಬಿಗಿಳಿಸದೆ ಜಿಲ್ಲಾಧಿಕಾರಿಗೆ ತಿಳಿಸಿ. ನಿಧಿ ಕಾಯ್ದೆ ಹೇಳುವುದೂ ಅದನ್ನೇ.