ಮಕಾಡೆ ಬಿದ್ದರೆ ಸೋಲಲ್ಲ!

ಹೊನ್ನಾಳಿಯ ನಿಲ್ದಾಣಕ್ಕೆ ಶಿವಮೊಗ್ಗದ ಬಸ್ಸು ಬಂದು ಇನ್ನೂ ನಿಂತಿರುವುದಿಲ್ಲ, ಅಷ್ಟರಲ್ಲೇ ಯಾರದೋ ಟವೆಲ್ಲು ಕಿಟಕಿಯಿಂದ ಒಳಗೆ ಹಾರಿ ಸೀಟಿನ ಮೇಲೆ ಬಿದ್ದಿರುತ್ತದೆ. ಅದರ ಒಡೆಯ ಬಾಗಿಲ ಬಳಿಯ ನೂಕುನುಗ್ಗಲಿನಲ್ಲೇ ಇದ್ದರೂ ಸೀಟು ಮಾತ್ರ ಅವನದು. ಬಸ್ಸಿನ ಈ ಕಾನೂನು ರಾಜಕೀಯದ ಮಾತಿಗೂ ದಾಟಿದೆ. 'ಮುಖ್ಯಮಂತ್ರಿ ಕುರ್ಚಿಗೆ ಟವೆಲ್ ಹಾಕಿದ್ದಾರೆ' ಎಂದರೆ ಯಾರಿಗೂ ಬಿಡಿಸಿ ಹೇಳಬೇಕಿಲ್ಲ.

ಇಂಗ್ಲಿಷಿನಲ್ಲೂ 'ಥ್ರೋ ಇನ್ ದ ಟವೆಲ್' ಎಂಬ ನುಡಿಗಟ್ಟಿದೆ. ಪರೀಕ್ಷೆಯಲ್ಲಿ ಇದನ್ನು 'ಟವೆಲ್ ಹಾಕಿದ' ಎಂದು ಕನ್ನಡಕ್ಕಿಳಿಸಿದರೆ ಅರ್ಥ ತಲೆಕೆಳಗಾಗುತ್ತದೆ. ನಮ್ಮಲ್ಲಿ ಟವೆಲ್ ಹಾಕುವವನು ಹಕ್ಕು ಸಾಧಿಸುತ್ತಾನೆ, ಅಲ್ಲಿ ಎಸೆಯುವವನು ಕೈಚೆಲ್ಲುತ್ತಾನೆ. ಆ ಮಾತು ಬಂದದ್ದು ಬಾಕ್ಸಿಂಗ್ ಕಣದಿಂದ. ತನ್ನ ಹುಡುಗ ಇನ್ನು ಹೊಡೆತ ತಾಳಲಾರ ಎನಿಸಿದಾಗ, ಮೂಲೆಯಲ್ಲಿ ನಿಂತ ತರಬೇತುದಾರ ಟವೆಲನ್ನು ಕಣದೊಳಕ್ಕೆ ಎಸೆದು ಸೋಲೊಪ್ಪಿಕೊಳ್ಳುತ್ತಾನೆ.

'ನಾಕೌಟ್' ಕೂಡ ಅದೇ ಕಣದ ಕೂಸು. ಆದರೆ ನ್ಯಾಮತಿಯ ಕಬಡ್ಡಿ ಪಂದ್ಯಾವಳಿಯ ಕರಪತ್ರದಲ್ಲಿ 'ನಾಕೌಟ್ ಮಾದರಿ' ಎಂದಿದ್ದರೆ ಯಾರೂ ಮೂರ್ಛೆ ಹೋಗುವುದಿಲ್ಲ. ಒಮ್ಮೆ ಸೋತ ತಂಡ ಮನೆಗೆ, ಅಷ್ಟೆ. ಬಾಕ್ಸಿಂಗಿನ ನಾಕೌಟ್ ಇಷ್ಟು ಹಗುರವಲ್ಲ. ದವಡೆಗೆ ಬಿದ್ದ ಗುದ್ದಿಗೆ ತಲೆ ಗಕ್ಕನೆ ತಿರುಗಿ, ಬುರುಡೆಯೊಳಗಿನ ಮಿದುಳು ಕುಲುಕಿ, ಪ್ರಜ್ಞೆ ತಪ್ಪುವುದೂ ಉಂಟು. ಹಾಗಿದ್ದೂ ಅಲ್ಲೊಂದು ಔದಾರ್ಯವಿದೆ. 1867ರ ಕ್ವೀನ್ಸ್‌ಬೆರಿ ನಿಯಮಗಳ ಪ್ರಕಾರ ಬಿದ್ದವನಿಗೆ ಯಾರ ನೆರವೂ ಇಲ್ಲದೆ ಏಳಲು ಹತ್ತು ಸೆಕೆಂಡು ಸಿಗುತ್ತದೆ. ಬಿದ್ದದ್ದೇ ಸೋಲಲ್ಲ, ಹತ್ತು ಎಣಿಸುವುದರೊಳಗೆ ಏಳದಿದ್ದರೆ ಸೋಲು. 1974ರಲ್ಲಿ ಕಿನ್ಶಾಸಾದಲ್ಲಿ ಮಹಮ್ಮದ್ ಅಲಿಯ ಹೊಡೆತಕ್ಕೆ ಎಂಟನೇ ಸುತ್ತಿನಲ್ಲಿ ಉರುಳಿದ ಜಾರ್ಜ್ ಫೋರ್‌ಮನ್ ಎದ್ದೇಳುತ್ತಿದ್ದಂತೆಯೇ ಎಣಿಕೆ ಮುಗಿದುಹೋಗಿತ್ತು. ಮರುವರ್ಷ ಮನಿಲಾದಲ್ಲಿ ಜೋ ಫ್ರೇಜಿಯರ್‌ಗೆ ಆದದ್ದೇ ಬೇರೆ. ಹದಿನಾಲ್ಕು ಸುತ್ತು ಕಾದಾಡಿದ್ದ ಆತ ಹದಿನೈದಕ್ಕೂ ಸಿದ್ಧನಿದ್ದ. ಊದಿಕೊಂಡ ಕಣ್ಣುಗಳನ್ನು ನೋಡಿದ ತರಬೇತುದಾರ ಎಡ್ಡಿ ಫಚ್ ಸಾಕೆಂದು ಪಂದ್ಯ ನಿಲ್ಲಿಸಿಬಿಟ್ಟ. ಇದು 'ಟೆಕ್ನಿಕಲ್ ನಾಕೌಟ್'. ಪಂದ್ಯ ಮುಗಿದಾಗ ಅವನನ್ನು ಯಾರೂ ನೆಲಕ್ಕೆ ಕೆಡವಿರಲಿಲ್ಲ!

ಚನ್ನಗಿರಿ, ಜಗಳೂರು ಸೀಮೆಯ ಮಾತಿಗೆ ಇಂಥ ಪದಗಳು ಬಾಕ್ಸಿಂಗಿನಿಂದ ಬರಬೇಕಾದ ಅಗತ್ಯವೇ ಇರಲಿಲ್ಲ. ಜಾತ್ರೆಯ ಬಯಲು ಕುಸ್ತಿ ಅವನ್ನು ಧಾರಾಳವಾಗಿ ಕೊಟ್ಟಿದೆ. ಚುನಾವಣೆ ಬಂದರೆ ಅಭ್ಯರ್ಥಿ ಅಖಾಡಕ್ಕಿಳಿಯುತ್ತಾನೆ, ತೊಡೆ ತಟ್ಟುತ್ತಾನೆ, ಎದುರಾಳಿಗೆ ಸೆಡ್ಡು ಹೊಡೆಯುತ್ತಾನೆ. ಸೊಸೆ ಪಟ್ಟು ಸಡಿಲಿಸುವುದಿಲ್ಲ. ಹಳೆಯ ಮೇಷ್ಟರ ಗರಡಿಯಲ್ಲಿ ಪಳಗಿದ ಹುಡುಗರು ಎಲ್ಲಿ ಹೋದರೂ ಬದುಕುತ್ತಾರೆ. ಗರಡಿಯ ಬಾಗಿಲನ್ನೇ ನೋಡದವರೂ ಇವನ್ನೆಲ್ಲ ಲೀಲಾಜಾಲವಾಗಿ ಆಡುತ್ತಾರೆ.

ಆದರೆ ಒಂದು ಮಾತಿನಲ್ಲಿ ಮಾತ್ರ ನಾವು ಕುಸ್ತಿಯ ನಿಯಮವನ್ನೇ ಮರೆತಿದ್ದೇವೆ. ಸಿನಿಮಾ ಓಡದಿದ್ದರೆ 'ಮಕಾಡೆ ಮಲಗಿತು' ಎನ್ನುತ್ತೇವೆ; ಠೇವಣಿ ಕಳೆದುಕೊಂಡವನೂ ಮಕಾಡೆಯೇ. ಮಣ್ಣಿನ ಕುಸ್ತಿಯಲ್ಲಿ ಸೋಲೆಂದರೆ ಚಿತ್ ಆಗುವುದು, ಅಂದರೆ ಅಂಗಾತ ಬಿದ್ದು ಬೆನ್ನಿಗೆ ಮಣ್ಣು ಹತ್ತುವುದು. ಮುಖ ಕೆಳಗಾಗಿ ಬಿದ್ದವನು ಸೋತಿಲ್ಲ. ಎಷ್ಟೋ ಸಲ ಅವನು ಬೇಕೆಂದೇ ಹಾಗೆ ಮಲಗುತ್ತಾನೆ. ಕೈಕಾಲು ಅಗಲಿಸಿ, ಎದೆಯನ್ನು ನೆಲಕ್ಕೆ ಒತ್ತಿ, ಮಣ್ಣು ಕಚ್ಚಿಕೊಂಡು ಬಿದ್ದವನನ್ನು ಮಗುಚಿ ಹಾಕುವುದು ಸುಲಭದ ಮಾತಲ್ಲ. ಮೇಲಿನವನು ಬೆವರು ಸುರಿಸುತ್ತ ಹಿಡಿತ ಹುಡುಕುತ್ತಿರುವಾಗ ಕೆಳಗಿನವನು ದಮ್ಮು ಉಳಿಸಿಕೊಂಡು ಸಮಯ ಕಾಯುತ್ತಿರುತ್ತಾನೆ. (ಈಗಿನ ಮ್ಯಾಟ್ ಕುಸ್ತಿಯಲ್ಲಿ ಅಂಕಗಳ ಲೆಕ್ಕವೂ ಇರುವುದರಿಂದ ಚಿತ್ ಆಗದೆಯೂ ಸೋಲಬಹುದು, ಆ ಮಾತು ಬೇರೆ.)

ಎಸ್ಸೆಸ್ಸೆಲ್ಸಿ ಫಲಿತಾಂಶದ ದಿನ ಈ ಪದ ಮನೆಮನೆಗೂ ಬರುತ್ತದೆ. ಗಣಿತದಲ್ಲಿ ಹೋಯಿತೆಂದರೆ ಸಾಕು, 'ನಮ್ಮೋನು ಮಕಾಡೆ ಮಲಗಿದ' ಎಂದು ಅಪ್ಪ ನೆರೆಮನೆಯವರೆದುರೇ ಅಂದುಬಿಡುತ್ತಾನೆ. ಒಳಗೆ ಹುಡುಗ ಕೇಳಿಸಿಕೊಳ್ಳುತ್ತಿರುತ್ತಾನೆ. ಹತ್ತು ಎಣಿಸುವಷ್ಟು ಹೊತ್ತನ್ನಾದರೂ ಕೊಡುವ ಆಟ ಬಾಕ್ಸಿಂಗ್. ಕೆಲವು ಮನೆಗಳಲ್ಲಿ ಅದೂ ಇಲ್ಲ. 2024ರಲ್ಲಿ ಇಲಾಖೆಯೇ ಒಂದೇ ವರ್ಷದಲ್ಲಿ ಮೂರು ಬಾರಿ ಎಸ್ಸೆಸ್ಸೆಲ್ಸಿ ಪರೀಕ್ಷೆ ನಡೆಸಿತು. ಅಪ್ಪ ಆಡಿದ ಪದ ನಿಯಮದ ಪ್ರಕಾರ ಸರಿಯಾಗಿಯೇ ಇತ್ತು ಎನ್ನಬೇಕು. ಅವನು ಕೊಟ್ಟ ಅರ್ಥ ಮಾತ್ರ ತಪ್ಪು.

ನಮ್ಮ ಹಿರಿಯರು ಇಂಥಲ್ಲಿ ಎಡವುತ್ತಿರಲಿಲ್ಲ ಎಂಬುದಕ್ಕೆ ಜಟ್ಟಿಯ ಗಾದೆ ಸಾಕ್ಷಿ. ಮೈಸೂರಿನ ಜಟ್ಟಿಗಳು ದಸರೆಯಲ್ಲಿ ಅರಮನೆಯ ಆವರಣದಲ್ಲಿ ವಜ್ರಮುಷ್ಟಿ ಕಾಳಗ ನಡೆಸುವವರು. ಅಲ್ಲಿ ಎಣಿಕೆಯೂ ಇಲ್ಲ, ಚಿತ್ ಮಾಡುವುದೂ ಇಲ್ಲ. ತಲೆಯಿಂದ ಒಂದು ಹನಿ ರಕ್ತ ಚಿಮ್ಮಿದೊಡನೆ ಕಾಳಗ ಮುಗಿಯಿತು. ಊರುಗಳಲ್ಲಿ ಮಾತ್ರ ಜಟ್ಟಿ ಎಂದರೆ ಯಾವ ಪೈಲ್ವಾನನೂ ಆದೀತು. 'ಜಟ್ಟಿ ಜಾರಿ ಬಿದ್ದರೂ ಮೀಸೆ ಮಣ್ಣಾಗಲಿಲ್ಲ' ಎಂದು ಸೋತೂ ಬೀಗುವವನನ್ನು ನೋಡಿ ನಗುತ್ತೇವಲ್ಲ, ಆ ನಗುವಿನೊಳಗೆ ಕುಸ್ತಿಯ ನಿಯಮ ಹಾಗೇ ಕುಳಿತಿದೆ. ಮೀಸೆಗೆ ಮಣ್ಣು ಹತ್ತಿಲ್ಲವೆಂದರೆ ಅವನು ಬಿದ್ದದ್ದು ಅಂಗಾತ. ಬೆನ್ನು ತೋರಿಸು ಎಂದರೆ ತೋರಿಸುತ್ತಾನೆಯೇ?