ಮನೆಯ ಚಾಕುಗಳನ್ನು ಮನೆಯಲ್ಲಿಯೇ ಮಸೆಯುವ ಕ್ರಮ

ಎತ್ತಿಗೆ ಲಾಳ ಕಟ್ಟಿಸುವುದರಲ್ಲಿಯೂ ನೇಗಿಲಿನ ಗುಳವನ್ನು ತಟ್ಟಿಸುವುದರಲ್ಲಿಯೂ ತಪ್ಪದೆ ಗಮನಕೊಡುವ ಗೃಹಸ್ಥರು, ಅಡಿಗೆಮನೆಯ ಚಾಕು ಮೊಂಡಾಗಿರುವುದನ್ನು ಸಾಮಾನ್ಯವಾಗಿ ವಿಚಾರಿಸುವುದಿಲ್ಲ. ಮೊಂಡು ಚಾಕುವಿನಿಂದ ಕೈಗೆ ಅಪಾಯವಿಲ್ಲವೆಂಬುದು ಅನೇಕರ ಭಾವನೆ. ವಾಸ್ತವಾಂಶವು ಇದಕ್ಕೆ ವಿರುದ್ಧವಾಗಿರುವುದು. ಹರಿತವಾದ ಅಲಗು ಇಟ್ಟ ಸ್ಥಳದಲ್ಲಿಯೇ ಇಳಿಯುವುದು. ಮೊಂಡಾದುದನ್ನು ಬಲದಿಂದ ಒತ್ತಬೇಕಾಗಿ, ಅದು ಕುಂಬಳಕಾಯಿಯ ಸಿಪ್ಪೆಯ ಮೇಲೆ ಜಾರಿ ಬೆರಳಿನ ಮೇಲೆ ಬೀಳುವುದು.

ನಾನು ಕೆಲಸಕ್ಕೆ ಸೇರಿದ ಹೊಸದರಲ್ಲಿ ನಮ್ಮ ಮನೆಯ ಒಳ್ಳೆಯ ಚಾಕುವೊಂದನ್ನು ಸಂತೆಯ ಸಾಣೆಚಕ್ರಕ್ಕೆ ಕೊಟ್ಟೆನು. ನೀರು ಮುಟ್ಟಿಸದೆ ಬಹಳ ಹೊತ್ತು ಹಿಡಿದುದರಿಂದ ಅಂಚು ನೀಲಿಬಣ್ಣಕ್ಕೆ ತಿರುಗಿತು. ಆ ದಿನ ಹರಿತವಾಗಿಯೇ ಇದ್ದಿತು, ವಾರದೊಳಗೆ ಮೊಂಡಾಯಿತು. ಉಕ್ಕು ಸುಮಾರು 300 ಡಿಗ್ರಿ ಸೆಂಟಿಗ್ರೇಡಿನಷ್ಟು ಕಾದರೆ ನೀಲಿಯಾಗುವುದು. ಹಾಗೆ ಕಾದ ಅಂಚು ಹದಗೆಟ್ಟು ಮೆತ್ತಗಾಗುವುದು. ಕಲ್ಲಿನ ಮೇಲೆ ಕೈಯಿಂದ ಮಸೆದರೆ ಈ ಭಯವಿಲ್ಲ.

ಇದಕ್ಕೆ ಒಂದು ಮಗ್ಗುಲು ಒರಟಾಗಿಯೂ ಇನ್ನೊಂದು ನಯವಾಗಿಯೂ ಇರತಕ್ಕ ಸಾಣೆಕಲ್ಲು ಸಾಕು. ಕಲ್ಲು ಜಾರದಂತೆ ಕೆಳಗೆ ಒದ್ದೆಬಟ್ಟೆ ಹಾಸಿ, ಮೇಲೆ ನೀರು ಚಿಮುಕಿಸಬೇಕು. ಎಣ್ಣೆ ಕುಡಿದ ಕಲ್ಲಿಗೆ ಮತ್ತೆ ನೀರು ಹಿಡಿಯದಾದುದರಿಂದ ಮೊದಲಿನಿಂದಲೂ ನೀರನ್ನೇ ಉಪಯೋಗಿಸುವುದು ಮೇಲು.

ಮುಖ್ಯವಾದುದು ಓರೆ. ಅಲಗನ್ನು ಕಲ್ಲಿನ ಮೇಲಿಟ್ಟು, ಅದರ ಅಗಲದ ಮೂರರಲ್ಲೊಂದು ಪಾಲಿನಷ್ಟು ಬೆನ್ನನ್ನು ಎತ್ತಿ ಹಿಡಿದರೆ ಸುಮಾರು 20 ಡಿಗ್ರಿ ಓರೆಯಾಗುವುದು. ಇದನ್ನು ಕೊನೆಯವರೆಗೂ ಬದಲಾಯಿಸಕೂಡದು. ಕಲ್ಲಿನಿಂದ ತೆಳ್ಳನೆಯ ಪದರವೊಂದನ್ನು ಕೊಯ್ಯುವಂತೆ, ಹಿಡಿಯ ಬುಡದಿಂದ ತುದಿಯವರೆಗೆ ಅಲಗನ್ನು ನಡೆಸಬೇಕು. ಸ್ವಲ್ಪ ಹೊತ್ತಿನಲ್ಲಿ ಎದುರು ಮಗ್ಗುಲಿನ ಅಂಚಿನಲ್ಲಿ ಕೂದಲೆಳೆಯಂಥ ಒರಟು ಏಳುವುದು. ಬೆರಳನ್ನು ಬೆನ್ನಿನಿಂದ ಅಂಚಿನ ಹೊರಕ್ಕೆ ಮೆಲ್ಲಗೆ ಸವರಿ ಇದನ್ನು ತಿಳಿಯತಕ್ಕದ್ದು. ಅಂಚಿನ ಉದ್ದಕ್ಕೆ ಎಂದಿಗೂ ಸವರಬಾರದು. ಒರಟು ಅಂಚಿನುದ್ದಕ್ಕೂ ಏಳುವ ಮೊದಲೇ ಮಗ್ಗುಲು ಬದಲಾಯಿಸುವುದೇ ಕಲಿಯುವವರ ಸಾಮಾನ್ಯ ತಪ್ಪು. ಎರಡು ಮಗ್ಗುಲೂ ಆದಮೇಲೆ, ನಯವಾದ ಕಲ್ಲಿನ ಮೇಲೆ ಹಗುರವಾಗಿ, ಒಮ್ಮೆ ಅತ್ತ ಒಮ್ಮೆ ಇತ್ತ ಮಸೆದು ಆ ಒರಟನ್ನು ತೆಗೆಯಬೇಕು. ಒತ್ತದೆಯೇ ಟೊಮೇಟೊ ಹಣ್ಣಿನ ಸಿಪ್ಪೆಯನ್ನು ಕೊಯ್ದರೆ ಕೆಲಸ ಮುಗಿಯಿತೆಂದು ತಿಳಿಯಬಹುದು.

ಹಲ್ಲುಳ್ಳ ಕುಡುಗೋಲನ್ನು ಈ ಕಲ್ಲಿನ ಮೇಲೆ ಮಸೆಯಕೂಡದು, ಹಲ್ಲುಗಳು ಹಾಳಾಗುವುವು. ಒಂದೇ ಮಗ್ಗುಲು ಓರೆಯುಳ್ಳ ಕಸಿ ಚಾಕುವನ್ನು ಆ ಮಗ್ಗುಲಿನಲ್ಲಿಯೇ ಮಸೆದು, ಚಪ್ಪಟೆ ಮಗ್ಗುಲನ್ನು ಕಲ್ಲಿಗೆ ಸಮನಾಗಿಟ್ಟು ಒರಟನ್ನು ಮಾತ್ರ ತೆಗೆಯತಕ್ಕದ್ದು.

ಗ್ರಾಮದ ಮುಖಂಡರು ತಾವು ಮೊದಲು ಕಲಿತು, ಮನೆಯವರಿಗೂ ಆಳುಗಳಿಗೂ ಕಲಿಸಬೇಕೆಂದು ಪ್ರಾರ್ಥನೆ. ಗಾಯವಾದಮೇಲೆ ಆಸ್ಪತ್ರೆಗೆ ಓಡುವುದಕ್ಕಿಂತ, ತಿಂಗಳಿಗೊಮ್ಮೆ ಕಾಲು ಗಂಟೆ ಕಲ್ಲಿನ ಮುಂದೆ ಕುಳಿತುಕೊಳ್ಳುವುದು ಲೇಸು.