ಮಳೆ ಲೆಕ್ಕದ ಕೆಳಗೆ ಒಂದು ಸಾಲು

ನಮ್ಮ ಅಟ್ಟದ ಮೇಲಿನ ಟ್ರಂಕಿನಲ್ಲಿ ಮೂವತ್ತೈದು ಡೈರಿಗಳಿವೆ. ಎಲ್ಲವೂ ಸೊಸೈಟಿಯವರು, ಬ್ಯಾಂಕಿನವರು, ಎಲ್‌ಐಸಿ ಏಜೆಂಟರು ಹೊಸವರ್ಷಕ್ಕೆಂದು ಕೊಟ್ಟವು. ರಟ್ಟಿನ ಬಣ್ಣ ಒಂದರಂತೆ ಒಂದಿಲ್ಲ. ಆದರೆ ಯಾವುದನ್ನು ತೆರೆದರೂ ಪುಟದ ತಲೆಯಲ್ಲಿ ಮೊದಲು ಕಾಣುವುದು ಆ ದಿನದ ಮಳೆ, ಮಿಲಿಮೀಟರುಗಳಲ್ಲಿ.

1989ರಲ್ಲಿ ಮದುವೆಯಾಗಿ ಶಿವಮೊಗ್ಗ ಪೇಟೆಯಿಂದ ಹೊಸನಗರ ತಾಲ್ಲೂಕಿನ ಈ ಒಂಟಿಮನೆಗೆ ಬಂದೆ. ಅಂಗಳದಾಚೆ ಅಡಿಕೆ ತೋಟ, ಅದರಾಚೆ ಕಾಡು. ಪಕ್ಕದ ಮನೆಗೆ ಹೋಗಬೇಕೆಂದರೆ ಹಳ್ಳ ದಾಟಬೇಕು. ಅಂಗಳದ ಮೂಲೆಯಲ್ಲಿ ಮಾವ ಒಂದು ಮಳೆಮಾಪಕ ಇಟ್ಟಿದ್ದರು. ಮೇಲೊಂದು ಆಲಿಕೆ, ಒಳಗೊಂದು ಶೀಸೆ, ಅಳೆಯಲು ಗೆರೆ ಕೊರೆದ ಗಾಜಿನ ಕೊಳವೆ. ಹವಾಮಾನ ಇಲಾಖೆಯ ಪದ್ಧತಿಯಂತೆ ಬೆಳಿಗ್ಗೆ ಎಂಟೂವರೆಗೆ ಸರಿಯಾಗಿ ಅಳೆಯುತ್ತಿದ್ದರು. ಮರುವರ್ಷ ಅವರ ಕಣ್ಣಿಗೆ ಪೊರೆ ಬಂತು. "ನೋಡಮ್ಮ, ಗೆರೆ ಕಾಣುವುದಿಲ್ಲ. ಇನ್ನು ನೀನು ಬರಿ" ಎಂದು ಡೈರಿ ನನ್ನ ಕೈಗಿತ್ತರು.

ನಾನು ಬರೆಯಲು ತೊಡಗಿದ್ದು ಹೀಗೆ. ಮೊದಲ ತಿಂಗಳು ಬರೀ ಅಂಕಿ. ಅದರ ಕೆಳಗೆ ಇಡೀ ಪುಟ ಖಾಲಿ. ಒಂದು ದಿನ ಅಲ್ಲಿ, "ಇವತ್ತು ಯಾರೊಂದಿಗೂ ಹತ್ತು ಮಾತು ಆಡಿಲ್ಲ" ಎಂದು ಬರೆದೆ. ಮರುದಿನ ಇನ್ನೊಂದು ಸಾಲು. ಆಮೇಲೆ ಬರೆಯದೆ ಮಲಗಿದರೆ ಬಾಗಿಲು ಹಾಕದೆ ಮಲಗಿದಂತಾಗುತ್ತಿತ್ತು.

ಮನುಷ್ಯ ತನ್ನ ದಿನಗಳನ್ನು ಯಾಕೆ ಬರೆದಿಡುತ್ತಾನೆ? ಮನಸ್ಸು ಹಗುರಾಗಲಿ ಎಂದು, ಅನ್ನುವುದು ಎಲ್ಲರ ಬಾಯಲ್ಲಿರುವ ಉತ್ತರ. ಅದು ಸುಳ್ಳಲ್ಲ. ಅಮೆರಿಕದ ಮನಶ್ಶಾಸ್ತ್ರಜ್ಞ ಜೇಮ್ಸ್ ಪೆನ್ನೆಬೇಕರ್ ತಮ್ಮ ಸಹೋದ್ಯೋಗಿಯೊಂದಿಗೆ 1986ರಲ್ಲಿ ಒಂದು ಪ್ರಯೋಗವನ್ನು ಪ್ರಕಟಿಸಿದರು. ಕಾಲೇಜು ವಿದ್ಯಾರ್ಥಿಗಳಿಗೆ ದಿನಕ್ಕೆ 15 ನಿಮಿಷದಂತೆ ನಾಲ್ಕು ದಿನ ಬರೆಯಲು ಹೇಳಿದ್ದರು. ಬದುಕಿನ ದೊಡ್ಡ ನೋವನ್ನು, ನಡೆದದ್ದು ಮತ್ತು ಅನಿಸಿದ್ದು ಎರಡನ್ನೂ ಸೇರಿಸಿ ಬರೆದವರು, ಮುಂದಿನ ತಿಂಗಳುಗಳಲ್ಲಿ ಆರೋಗ್ಯ ಕೇಂದ್ರದ ಮೆಟ್ಟಿಲು ಹತ್ತಿದ್ದು ಉಳಿದವರಿಗಿಂತ ಕಡಿಮೆ. ನಂತರದ ಪ್ರಯೋಗಗಳಲ್ಲಿ ಫಲ ಒಂದೇ ತೆರನಾಗಿ ಬಂದಿಲ್ಲ. ಆದರೂ ನೋವು ಜನರನ್ನು ಬರಹಕ್ಕೆ ಹಚ್ಚುತ್ತದೆ ಎಂಬುದು ನನಗೆ ಗೊತ್ತು. ಆದರೆ ನೋವು ದಿನಾ ಇರುವುದಿಲ್ಲವಲ್ಲ. ಬರಹವನ್ನು ವರ್ಷಗಟ್ಟಲೆ ನಡೆಸುವುದು ಒಂದು ಸಣ್ಣ ಕೆಲಸದ ಕಟ್ಟುಪಾಡು.

ಪಾಂಡಿಚೇರಿಯ ಆನಂದ ರಂಗ ಪಿಳ್ಳೆ ಇದಕ್ಕೆ ಸಾಕ್ಷಿ. ಅವರು ವ್ಯಾಪಾರಿ, ಫ್ರೆಂಚ್ ಗವರ್ನರ್ ಡೂಪ್ಲೆಯ ದುಭಾಷಿ. 1736ರಿಂದ 1761ರವರೆಗೆ, ಸಾಯುವ ವರ್ಷದ ತನಕ, ತಮಿಳಿನಲ್ಲಿ ದಿನಚರಿ ಬರೆದರು. ಬಂದ ಹಡಗು, ಸರಕು, ಗವರ್ನರರ ಬಳಿ ಆದ ಮಾತುಕತೆ, ಪೇಟೆಯ ಸುದ್ದಿ, ಯುದ್ಧದ ಸುದ್ದಿ, ಎಲ್ಲವೂ ಅದರಲ್ಲಿದೆ. ಮುಂದೆ ಅದರ ಇಂಗ್ಲಿಷ್ ಅನುವಾದಕ್ಕೆ 12 ಸಂಪುಟ ಬೇಕಾಯಿತು. ಆ ಬರಹದಲ್ಲಿ ನನಗೆ ಕಾಣುವುದು ಖಾತೆ ಪುಸ್ತಕ ಬರೆದು ಪಳಗಿದ ಕೈ.

ಇನ್ನು ಕೆಲವರನ್ನು ನಡೆಸುವುದು ಓದುವವರೊಬ್ಬರು ಇದ್ದಾರೆ ಎಂಬ ಭಾವ. ಆನ್ ಫ್ರಾಂಕ್‌ಗೆ 1942ರ ಜೂನ್ 12ರಂದು, ಹದಿಮೂರನೆಯ ಹುಟ್ಟುಹಬ್ಬಕ್ಕೆ, ಡೈರಿ ಸಿಕ್ಕಿತು. ಮುಂದಿನ ತಿಂಗಳೇ ಕುಟುಂಬ ನಾಜಿಗಳ ಕಣ್ಣು ತಪ್ಪಿಸಿ ಆಮ್‌ಸ್ಟರ್‌ಡ್ಯಾಮಿನಲ್ಲಿ ಅಡಗಿತು. ಹುಡುಗಿ "ಕಿಟ್ಟಿ" ಎಂಬ ಕಲ್ಪನೆಯ ಗೆಳತಿಗೆ ಪತ್ರ ಬರೆಯುವಂತೆ ಬರೆದಳು. 1944ರ ಮಾರ್ಚ್‌ನಲ್ಲಿ ಲಂಡನ್ ರೇಡಿಯೋದಲ್ಲಿ ಡಚ್ ಸಚಿವರೊಬ್ಬರು ಯುದ್ಧಕಾಲದ ಡೈರಿ, ಪತ್ರಗಳನ್ನು ಕಾಪಾಡಿ ಎಂದು ಜನರನ್ನು ಕೇಳಿಕೊಂಡರು. ಅದನ್ನು ಕೇಳಿದ ಆನ್ ಬರೆದದ್ದನ್ನೆಲ್ಲ ತಿದ್ದಿ ಮತ್ತೆ ಬರೆಯತೊಡಗಿದಳು. ಕೊನೆಯ ಬರಹ ಆಗಸ್ಟ್ 1ರದ್ದು. ಮೂರೇ ದಿನಕ್ಕೆ ಸೆರೆಯಾದಳು.

ನನ್ನ ಡೈರಿಯ ಓದುಗರು ನಾವೇ, ಕೆಲವು ವರ್ಷ ಕಳೆದ ಮೇಲಿನ ನಾವು. 2019ರ ಆಗಸ್ಟಿನಲ್ಲಿ ಆಶ್ಲೇಷಾ ಮಳೆ ಮಲೆನಾಡನ್ನು ಮುಳುಗಿಸಿತಲ್ಲ, ಆ ವರ್ಷ ನಮ್ಮ ಅಡಿಕೆ ತೋಟಕ್ಕೆ ಕೊಳೆರೋಗ ಬಂತು. ಕೊಳೆ ತಡೆಯುವ ಬೋರ್ಡೋ ಔಷಧಿಯನ್ನು ಎರಡನೇ ಸಲ ಆ ಮಳೆಗೆ ಮೊದಲೇ ಹೊಡೆಸಿದ್ದೆವು ಎಂದು ಮನೆಯವರು ಈಗಲೂ ಹೇಳುತ್ತಾರೆ. ನನಗೂ ಹಾಗೇ ನೆನಪಿತ್ತು. ಡೈರಿ ತೆಗೆದರೆ ಬೇರೆಯೇ ಇದೆ. ಜೂನ್ 21ಕ್ಕೆ ಮೊದಲ ಸಲ. ಆಗಸ್ಟ್ 6ರ ಪುಟದಲ್ಲಿ "212. ಔಷಧಿ ಹೊಡೆಯಲು ಇನ್ನೂ ಜನ ಸಿಕ್ಕಿಲ್ಲ." ಎರಡನೆಯದು ಹೊಡೆದದ್ದು 24ಕ್ಕೆ. ನೆನಪು ಯಾವಾಗಲೂ ನಮ್ಮ ಪಕ್ಷ ವಹಿಸುತ್ತದೆ, ಡೈರಿಗೆ ಆ ದಾಕ್ಷಿಣ್ಯವಿಲ್ಲ. ಮರುವರ್ಷದಿಂದ ಮೇ ತಿಂಗಳಲ್ಲೇ ಜನರನ್ನು ಗೊತ್ತು ಮಾಡಿಕೊಳ್ಳುತ್ತಿದ್ದೇವೆ.

ಇಂಥ ಕಟ್ಟುಪಾಡು ನಡುವೆ ನಿಂತುಹೋಗುವುದೂ ಉಂಟು. ಲಂಡನ್ನಿನ ಸ್ಯಾಮ್ಯುಯೆಲ್ ಪೀಪ್ಸ್ 1660ರ ಜನವರಿ 1ರಿಂದ ಒಂಬತ್ತು ವರ್ಷಕ್ಕೂ ಹೆಚ್ಚು ಕಾಲ ಬರೆದ. ಪ್ಲೇಗನ್ನೂ 1666ರ ದೊಡ್ಡ ಬೆಂಕಿಯನ್ನೂ ಬರೆದ. ಬೆಂಕಿಗೆ ಹೆದರಿ ತನ್ನ ಚೀಸನ್ನು ತೋಟದಲ್ಲಿ ಹೂತದ್ದನ್ನೂ ಬಿಡಲಿಲ್ಲ. 1669ರ ಮೇ 31ರಂದು, ಕಣ್ಣು ಹೋದೀತೆಂಬ ಭಯದಿಂದ ಆ ಡೈರಿ ನಿಲ್ಲಿಸಿದ. ಕಣ್ಣು ಹೋಗಲಿಲ್ಲ. ಮತ್ತೂ 34 ವರ್ಷ ಬದುಕಿದ. ಆದರೆ ಅಂಥ ದಿನಚರಿ ಮತ್ತೆ ಬರಲಿಲ್ಲ. ಇದನ್ನು ಓದಿದಾಗಲೆಲ್ಲ ನನಗೆ ಮಾವ ನೆನಪಾಗುತ್ತಾರೆ.

1991ರಲ್ಲಿ ಚೊಚ್ಚಲ ಹೆರಿಗೆಗೆ ತವರಿಗೆ ಹೋದೆ. ಐದು ತಿಂಗಳು ಬಿಟ್ಟು ಮಗಳನ್ನೆತ್ತಿಕೊಂಡು ಬಂದು, ಖಾಲಿ ಪುಟಗಳಿರುತ್ತವೆಂದುಕೊಂಡು ಡೈರಿ ತೆರೆದೆ. ಒಂದು ಪುಟವೂ ಖಾಲಿ ಇರಲಿಲ್ಲ. ಮನೆಯವರು ಕೊಳವೆ ನೋಡಿ ಅಂಕಿ ಹೇಳಿದ್ದಾರೆ, ಮಾವ ಬರೆದಿದ್ದಾರೆ. ಗೆರೆ ಕಾಣದ ಕಣ್ಣು. ಹೆಬ್ಬೆರಳು ಗಾತ್ರದ ಅಕ್ಷರಗಳು ಒಂದರ ಮೇಲೊಂದು ಹತ್ತಿವೆ. ಅಲ್ಲಿಯವರೆಗೆ ಬರೀ ಅಂಕಿ ಬರೆಯುತ್ತಿದ್ದವರು ಈಗ ಕೆಳಗೊಂದು ಸಾಲನ್ನೂ ಸೇರಿಸಿದ್ದರು. ಮಗಳು ಹುಟ್ಟಿದ ಜುಲೈ ದಿನದ ಪುಟ ಹೀಗಿದೆ:

"64. ಹೆಣ್ಣು ಮಗು. ಇಬ್ಬರೂ ಕ್ಷೇಮ. ಕೊಟ್ಟಿಗೆ ಸೋರುತ್ತಿದೆ."

ನಾಳೆ ಬೆಳಿಗ್ಗೆ ಎಂಟೂವರೆಗೆ ಮತ್ತೆ ಅಂಗಳಕ್ಕೆ ಇಳಿಯುತ್ತೇನೆ.